ಸರ್ವರ್ ಕೈಕೊಟ್ಟರೆ ಮೊದಲು ಲಾಗ್ ಎತ್ತಿಡಿ

ಮಳೆ ಹಿಡಿಯಿತು. ತೀರ್ಥಹಳ್ಳಿ, ಹೊಸನಗರ ಕಡೆ ಕರೆಂಟ್ ಹೋಗಿ ಬರೋದು ಇನ್ನು ಇದ್ದದ್ದೇ. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು: ಏನಾದರೂ ನಿಂತರೆ ತಕ್ಷಣ ರೀಬೂಟ್ ಮಾಡಬೇಡಿ, ಮೊದಲು ಲಾಗ್, ಅಂದರೆ ಏನೇನಾಯಿತು ಅಂತ ಸರ್ವರ್ ಬರೆದಿಡುವ ದಾಖಲೆ, ನೋಡಿ.

ಕಳೆದ ಆಷಾಢದಲ್ಲಿ ನಮ್ಮ ಅಡಿಕೆ ಲೆಕ್ಕದ ಸರ್ವರ್‌ನಲ್ಲಿ ಡೇಟಾಬೇಸ್ ಪದೇ ಪದೇ ನಿಲ್ಲುತ್ತಿತ್ತು. ಎಲ್ಲರೂ ಕರೆಂಟನ್ನೇ ಬೈದೆವು. ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಬರೆದ ಸಂದೇಶ ತೋರಿಸುವ ಡಿಮೆಸೇಜ್ (dmesg) ಕಮಾಂಡ್ ಕೊಟ್ಟು ನೋಡಿದರೆ 'ಔಟ್ ಆಫ್ ಮೆಮೊರಿ' ಅನ್ನೋ ಸಾಲು, ಅದರಲ್ಲೇ ಡೇಟಾಬೇಸ್ ಹೆಸರು. ರ‍್ಯಾಮ್ ಸಾಲದೆ ಕರ್ನೆಲ್ಲೇ ಅದನ್ನು ನಿಲ್ಲಿಸಿತ್ತು. ಅವಸರಕ್ಕೆ ರೀಬೂಟ್ ಮಾಡಿದ್ದರೆ ಆ ಸಾಲು ಅಲ್ಲಿ ಸಿಗುತ್ತಿರಲಿಲ್ಲ.

ಸರ್ವರ್ ಆಗಲೇ ರೀಬೂಟ್ ಆಗಿದೆಯಾ? ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ಮೈನಸ್ ಬಿ, ಮೈನಸ್ 1 ಕೊಡಿ (journalctl -b -1). ಹಿಂದಿನ ಬೂಟ್‌ನ ಲಾಗ್ ಬರುತ್ತದೆ. ಆದರೆ ಜರ್ನಲ್‌ನ ಸ್ಟೋರೇಜ್ ಸೆಟ್ಟಿಂಗ್ 'ಆಟೋ' ಇದ್ದರೆ (ಹಲವು ಸರ್ವರ್‌ಗಳಲ್ಲಿ ಡೀಫಾಲ್ಟ್ ಅದೇ), ವಾರ್ ಒಳಗಿನ ಲಾಗ್‌ನಲ್ಲಿ ಜರ್ನಲ್ ಅನ್ನೋ ಫೋಲ್ಡರ್ (/var/log/journal) ಇರಲೇಬೇಕು. ಇಲ್ಲದಿದ್ದರೆ ಲಾಗ್ ಮೆಮೊರಿಯಲ್ಲೇ ಉಳಿದು, ಕರೆಂಟ್ ಜೊತೆ ಅದೂ ಹೋಗುತ್ತದೆ. ಇವತ್ತೇ ನೋಡಿಕೊಳ್ಳಿ, ದಯವಿಟ್ಟು.

ಡಿಸ್ಕ್ ತುಂಬಿದೆಯಾ ಅಂತ ಡಿಎಫ್ ಮೈನಸ್ ಎಚ್ (df -h) ಕಮಾಂಡ್ ಹೇಳುತ್ತದೆ. ಜಾಗ ಇದ್ದೂ ಫೈಲ್ ಬರೆಯಲು ಆಗದಿದ್ದರೆ ಡಿಎಫ್‌ಗೆ ಮೈನಸ್ ಐ (df -i) ಕೊಡಿ, ಐನೋಡ್, ಅಂದರೆ ಪ್ರತಿ ಫೈಲ್‌ಗೂ ಬೇಕಾದ ದಾಖಲೆಯ ಜಾಗ, ಮುಗಿದಿರಬಹುದು.

ಇಷ್ಟಾದ ಮೇಲೂ ಇದು ಬಗ್, ಅಂದರೆ ಸಾಫ್ಟ್‌ವೇರ್‌ನದ್ದೇ ದೋಷ, ಅನಿಸಿದರೆ ಅದನ್ನು ಮಾಡಿದವರಿಗೆ ರಿಪೋರ್ಟ್ ಹಾಕಿ. ಸುಮ್ನೆ 'ಕೆಲಸ ಮಾಡ್ತಿಲ್ಲ' ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ, ಅಲ್ವಾ? ಯಾವ ಡಿಸ್ಟ್ರೋ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ಬಗೆ), ಯಾವ ಆವೃತ್ತಿ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಅಂತ ಬರೆಯಿರಿ. ಲಾಗನ್ನು ಸ್ಕ್ರೀನ್‌ಶಾಟ್ ಬದಲು ಅಕ್ಷರದಲ್ಲೇ ಹಾಕಿ, ಹುಡುಕೋಕೆ ಸುಲಭ. ಒಂದು ರಿಪೋರ್ಟ್‌ಗೆ ಒಂದೇ ಬಗ್. ಕಳಿಸುವ ಮುಂಚೆ ಪಾಸ್‌ವರ್ಡ್, ಜನರ ಹೆಸರು ಅಳಿಸಿದ್ದೀರಾ ಅಂತ ಇನ್ನೊಮ್ಮೆ ನೋಡಿ.