ಮಗುವಿಗಿಂತ ಮೊದಲು ಮಷೀನನ್ನು ಅನುಮಾನಿಸಿ

ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ, ಧ್ವನಿಯನ್ನು ಕರೆಂಟಾಗಿಸಿ ಕೇಳುವ ನರಕ್ಕೆ ಮುಟ್ಟಿಸುವ ಸಾಧನ) ಇರುವ ಮಗು ಕರೆದಾಗ ತಿರುಗದಿದ್ದರೆ "ಹಟ", "ಗಮನ ಇಲ್ಲ" ಅಂತ ಎಲ್ಲರೂ ಮಗುವಿನ ಮೇಲೇ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅನುಮಾನದ ಸರದಿ ಬೇರೆ: ಮೊದಲು ದೂರ ಮತ್ತು ಗದ್ದಲ, ಆಮೇಲೆ ಮಷೀನು (ಹೊರಗೆ ಹಾಕಿಕೊಳ್ಳುವ ಭಾಗ), ಆಮೇಲೆ ಮ್ಯಾಪ್ (ಯಾವ ಧ್ವನಿಗೆ ಎಷ್ಟು ಕರೆಂಟ್ ಎಂದು ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರು, ಮಷೀನಿಗೆ ತುಂಬುವ ಸೆಟ್ಟಿಂಗ್). ಮಗುವಿನ ಸರದಿ ಕಟ್ಟಕಡೆಗೆ.

ತಲೆಯೊಳಗಿನ ರಿಸೀವರ್, ಎಲೆಕ್ಟ್ರೋಡುಗಳು ಕೆಡುವುದು ಅಪರೂಪ. ಕೆಡುವುದು ಹೊರಗಿನವು: ಮೈಕ್, ಪ್ರೊಸೆಸರ್, ಬ್ಯಾಟರಿ, ಕೇಬಲ್, ತಲೆಗೆ ಅಂಟುವ ಕಾಯಿಲ್. ಅದರಲ್ಲೂ ಕೇಬಲ್.

ಬೆಳಗ್ಗೆ ಮಷೀನು ಹಾಕಿದ ಕೂಡಲೇ ಲಿಂಗ್ ಆರು ಧ್ವನಿಗಳ ಪರೀಕ್ಷೆ ಮಾಡುತ್ತೇವೆ: ಮ್, ಊ, ಆ, ಈ, ಶ್, ಸ್. ಮಾತಿನಲ್ಲಿ ಬರುವ ತಗ್ಗು ಧ್ವನಿಯಿಂದ ತೀರಾ ಕೀಚಲು ಧ್ವನಿಯವರೆಗಿನ ಹರವು ಈ ಆರರೊಳಗೆ ಬರುತ್ತದೆ. ಮಗುವಿನ ಪಕ್ಕ, ಮಷೀನಿರುವ ಕಡೆಗೆ, ತುಸು ಹಿಂದೆ ಕೂರುತ್ತೇವೆ. ಬಾಯಿಗೆ ಕೈ ಅಡ್ಡ ಹಿಡಿಯುವುದಿಲ್ಲ. ಹಿಡಿದರೆ ಶ್ ಮತ್ತು ಸ್ ಮಂಕಾಗುತ್ತವೆ, ಕೈ ಎತ್ತಿದ್ದೇ ಮಗುವಿಗೆ ಸುಳಿವೂ ಆಗುತ್ತದೆ. ಮಗು ಒಂದು ಬಿಲ್ಲೆಯನ್ನು ಕೆನ್ನೆಗೆ ಒತ್ತಿ ಹಿಡಿದು ಕಾಯುತ್ತದೆ. ಧ್ವನಿ ಕೇಳಿದಾಗ ಡಬ್ಬಿಗೆ ಹಾಕುತ್ತದೆ. ಮಾತು ಬಂದ ಮೇಲೆ ಬಿಲ್ಲೆ ಬೇಡ, ಕೇಳಿದ್ದನ್ನು ತಿರುಗಿ ಹೇಳಿದರೆ ಸಾಕು. ತೀರಾ ಚಿಕ್ಕ ಕೂಸಾದರೆ ಚೀಪುವುದನ್ನು ನಿಲ್ಲಿಸುವುದು, ಕಣ್ಣರಳಿಸುವುದು, ಆಟದ ಮಧ್ಯೆ ತಟಸ್ಥವಾಗುವುದು, ಇವೇ ಉತ್ತರ.

ಈ ಪರೀಕ್ಷೆ ಸುಳ್ಳು ಹೇಳುವ ದಾರಿಗಳೂ ಇವೆ. "ಸ್" ಹೇಳಹೋಗಿ "ಸಾ" ಎಂದರೆ ಮಗು "ಆ" ಸ್ವರ ಕೇಳಿ ಬಿಲ್ಲೆ ಹಾಕುತ್ತದೆ. "ಸ್" ಮೆಲ್ಲಗಿನ ಧ್ವನಿ ಅಂತ ಜೋರಾಗಿ ಊದಿದರೆ ಪರೀಕ್ಷೆಗೆ ಅರ್ಥವಿಲ್ಲ, ಮಾತಿನಲ್ಲಿ ಅದು ಅಷ್ಟು ಜೋರಾಗಿ ಬರುವುದೇ ಇಲ್ಲ. ಒಂದೇ ಲಯದಲ್ಲಿ ಹೇಳುತ್ತಾ ಹೋದರೆ ಮಗು ಲಯ ಹಿಡಿದು ಆಡುತ್ತದೆ. ಹಾಗಾಗಿ ದಿನಾ ಅನುಕ್ರಮ ಬದಲಿಸಿ, ನಡುವೆ ಒಮ್ಮೆ ಎರಡು ಸೆಕೆಂಡು, ಒಮ್ಮೆ ಹತ್ತು ಸೆಕೆಂಡು ಸುಮ್ಮನಿರುತ್ತೇವೆ. ಆ ಮೌನದಲ್ಲೂ ಬಿಲ್ಲೆ ಬಿದ್ದರೆ ಅದು ಊಹೆ. ಒಂದು ಮೀಟರಿನಲ್ಲಿ ಆರೂ ಸರಿಯಾದ ಮೇಲೆ ಮೂರು ಮೀಟರಿನಿಂದ.

ಯಾವ ಧ್ವನಿ ತಪ್ಪಿತು ಎನ್ನುವುದರಲ್ಲೇ ಕಾಯಿಲೆಯ ಗುರುತಿದೆ. ಆರೂ ಒಟ್ಟಿಗೆ ಹೋದರೆ ಬ್ಯಾಟರಿ, ಕೇಬಲ್ ಅಥವಾ ಕಾಯಿಲ್. ಶ್, ಸ್ ಮಾತ್ರ ಹೋದರೆ ಮೊದಲು ಮೈಕಿನ ಕವರ್ ನೋಡುತ್ತೇವೆ. ಬೆವರು, ಧೂಳು, ಎಣ್ಣೆ ಕೂತರೆ ಕೀಚಲು ಧ್ವನಿಗಳೇ ಮೊದಲು ಮಾಯವಾಗುತ್ತವೆ. ಕವರ್ ಬದಲಿಸಿದರೂ ಬರದಿದ್ದರೆ ಮ್ಯಾಪ್ ನೋಡಬೇಕು. ಬಿಡಿಭಾಗಗಳನ್ನು ಒಂದೊಂದಾಗಿಯೇ ಬದಲಿಸಿ, ಪ್ರತಿ ಸಲವೂ ಪರೀಕ್ಷೆ ಮಾಡಬೇಕು: ಬ್ಯಾಟರಿ, ಕೇಬಲ್, ಕಾಯಿಲ್, ಕವರ್. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕೆಟ್ಟಿದ್ದು ಯಾವುದು ಅಂತ ಗೊತ್ತೇ ಆಗುವುದಿಲ್ಲ, ಕೆಟ್ಟ ಕೇಬಲ್ ಮತ್ತೆ ಸ್ಪೇರ್ ಡಬ್ಬಿ ಸೇರುತ್ತದೆ. ಕೇಬಲ್ ತುಂಡಾಗುವುದು ಸಾಮಾನ್ಯವಾಗಿ ಎರಡು ತುದಿಯ ಬಾಗುವ ಜಾಗದಲ್ಲಿ, ಹೊರಗೆ ಏನೂ ಕಾಣದ ಹಾಗೆ. ಮಗು ತಲೆ ಅಲ್ಲಾಡಿಸಿದಾಗ ಧ್ವನಿ ಬಂದು ಬಂದು ಹೋಗುತ್ತಿದ್ದರೆ ಅದೇ. ಮಾನಿಟರ್ ಇಯರ್‌ಫೋನನ್ನು ಮಷೀನಿಗೆ ಸಿಕ್ಕಿಸಿ ನಾವೇ ಕೇಳುವುದು ಒಳ್ಳೆಯದೇ, ಆದರೆ ಅದರಿಂದ ತಿಳಿಯುವುದು ಮೈಕಿನ ಸ್ಥಿತಿ ಮಾತ್ರ. ಕಾಯಿಲಿನ ಆಚೆ ಏನು ಹೋಗುತ್ತಿದೆ ಎಂದು ಅದು ಹೇಳುವುದಿಲ್ಲ.

ರಾತ್ರಿ ಬ್ಯಾಟರಿ ಬಿಚ್ಚಿ ಪ್ರೊಸೆಸರನ್ನು ಡ್ರೈಯರ್ ಡಬ್ಬಿಗೆ ಹಾಕುತ್ತೇವೆ. ಅದರಲ್ಲಿನ ತೇವ ಹೀರುವ ಹರಳಿನ ಬಣ್ಣ ಬದಲಾಗಿದ್ದರೆ ಆ ಡಬ್ಬಿಯಿಂದ ಪ್ರಯೋಜನವಿಲ್ಲ. ಜಿಂಕ್ ಏರ್ ಬ್ಯಾಟರಿಯಾದರೆ ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟೇ ಹಾಕುವುದು.

ಕಾಯಿಲನ್ನು ತಲೆಗೆ ಹಿಡಿದಿಡುವ ಮ್ಯಾಗ್ನೆಟ್ಟಿನ ಬಲದ ಬಗ್ಗೆ ಒಂದು ಮಾತು. ಕಾಯಿಲ್ ಪದೇ ಪದೇ ಬೀಳುತ್ತದೆ ಅಂತ ಬಲವಾದ ಮ್ಯಾಗ್ನೆಟ್ ಹಾಕಿಸಿಕೊಂಡಿರುತ್ತೇವೆ. ಕೂದಲು ಕತ್ತರಿಸಿದ ದಿನ ಅದೇ ಮ್ಯಾಗ್ನೆಟ್ ಚರ್ಮವನ್ನು ಹಿಂಡತೊಡಗುತ್ತದೆ. ಸಂಜೆ ಕಾಯಿಲ್ ತೆಗೆದಾಗ ಅಡಿಯ ಚರ್ಮ ನೋಡಿ. ಕೆಂಪು ಬೇಗ ಮಾಸಿದರೆ ಚಿಂತೆಯಿಲ್ಲ. ಉಳಿದರೆ, ನೋವಿದ್ದರೆ, ಬಲ ಇಳಿಸಬೇಕು. ಬಿಟ್ಟರೆ ಹುಣ್ಣಾಗಿ ಮಷೀನೇ ಹಾಕಲಾಗದ ಸ್ಥಿತಿ ಬರುತ್ತದೆ.

ಮ್ಯಾಪಿಂಗಿಗೆ, ಅಂದರೆ ಮ್ಯಾಪ್ ಸರಿಪಡಿಸಿಕೊಳ್ಳಲು, ಹೋಗುವಾಗ ನಾವು ಒಯ್ಯುವುದು ಲಿಂಗ್ ಪರೀಕ್ಷೆಯ ಪಟ್ಟಿ ಮತ್ತು ಗಮನಿಸಿದ ಸಂಗತಿಗಳು. ಪಾತ್ರೆ ಬಿದ್ದ ಸದ್ದಿಗೆ ಕಾಯಿಲ್ ಕಿತ್ತೆಸೆಯುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತದೆ ಎಂದರೆ ಮ್ಯಾಪಿನ ಮೇಲಿನ ಮಿತಿ (ಜೋರು ಸದ್ದಿಗೆ ಕೊಡುವ ಗರಿಷ್ಠ ಕರೆಂಟ್) ಜಾಸ್ತಿಯಾಗಿರಬಹುದು. "ಹಾಂ?" ಜಾಸ್ತಿಯಾಗಿದ್ದರೆ, ಪದದ ಕೊನೆ ನುಂಗುತ್ತಿದ್ದರೆ ಕಡಿಮೆಯಾಗಿರಬಹುದು. ಧ್ವನಿಯ ಜೊತೆಗೇ ಕೆನ್ನೆಯೋ ಕಣ್ಣಿನ ರೆಪ್ಪೆಯೋ ಅದುರಿದರೆ ಮುಖದ ನರಕ್ಕೆ ಕರೆಂಟ್ ತಾಗುತ್ತಿದೆ ಎಂದರ್ಥ; ಕಾಯಿಲ್ ತೆಗೆದು ಆಡಿಯಾಲಜಿಸ್ಟಿಗೆ ಅಂದೇ ಫೋನ್ ಮಾಡಬೇಕು. "ಚೆನ್ನಾಗಿ ಕೇಳಿಸುತ್ತಿದೆ" ಎಂಬ ವರದಿಯಿಂದ ಅವರಿಗೆ ಏನೂ ಸಿಗುವುದಿಲ್ಲ.

ಇನ್ನು ಮಾತು. ಕೇಳುವ ವಯಸ್ಸನ್ನು ಸ್ವಿಚ್ ಆನ್ ಆದ, ಅಂದರೆ ಮಷೀನು ಮೊದಲ ಸಲ ಚಾಲೂ ಆದ, ದಿನದಿಂದ ಎಣಿಸಬೇಕು. ಮೂರು ವರ್ಷದ ಮಗುವಿಗೆ ಸ್ವಿಚ್ ಆನ್ ಆಗಿ ಆರು ತಿಂಗಳಾಗಿದ್ದರೆ ಅದು ಕಿವಿಯಲ್ಲಿ ಆರು ತಿಂಗಳ ಕೂಸು. ಎಚ್ಚರವಿರುವಷ್ಟು ಹೊತ್ತೂ ಮಷೀನು ತಲೆಯ ಮೇಲಿರಬೇಕು. ಎಷ್ಟು ಗಂಟೆ ಹಾಕಿತ್ತು ಎಂಬ ಲೆಕ್ಕ ಪ್ರೊಸೆಸರಿನೊಳಗೇ ಇರುತ್ತದೆ, ಆಡಿಯಾಲಜಿಸ್ಟರ ಹತ್ತಿರ ಮುಚ್ಚಿಡಲಾಗದು. ಹೊಸ ಪದವನ್ನು ಮೊದಲು ಬರೀ ಕಿವಿಗೆ ಹೇಳಿ, ತಿಳಿಯದಿದ್ದರೆ ವಸ್ತು ತೋರಿಸಿ, ಮತ್ತೆ ಬರೀ ಕಿವಿಗೆ ಹೇಳುತ್ತೇವೆ. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯುವುದೇ ಕಷ್ಟದ ಕೆಲಸ. ದೊಡ್ಡವರು ಎರಡು ಸೆಕೆಂಡಿಗೇ ಮತ್ತೆ ಹೇಳಿ ಮಗು ಅಲ್ಲಿಯವರೆಗೆ ಕಟ್ಟಿಕೊಂಡಿದ್ದನ್ನು ಕೆಡಿಸುತ್ತಾರೆ.

ನಮ್ಮ ಭಾಷೆಯಲ್ಲಿ ಅರ್ಥ ಪದದ ಬಾಲದಲ್ಲಿರುತ್ತದೆ, ಬಾಲವನ್ನೇ ನಾವು ಮೆಲ್ಲಗೆ ಹೇಳುತ್ತೇವೆ. "ಡಬ್ಬಿಗೆ ಹಾಕು", "ಡಬ್ಬಿಯಿಂದ ತೆಗೆ" ಎರಡನ್ನೂ ಮಗು ಸರಿ ಮಾಡಿತು ಎಂದು ಹಿಗ್ಗಬೇಡಿ. ಅದು ಕೇಳಿದ್ದು ಹಾಕು, ತೆಗೆ ಮಾತ್ರ ಇರಬಹುದು. ಕ್ರಿಯಾಪದ ಒಂದೇ ಇಟ್ಟು ಆಡಿಸಿ: "ಚೆಂಡು ಬುಟ್ಟಿಗೆ ಬಿತ್ತು", "ಚೆಂಡು ಬುಟ್ಟಿಯಿಂದ ಬಿತ್ತು". ಬಂದ, ಬಂದಳು, ಬಂದರು, ಇವಕ್ಕೆ ಮೂರು ಚಿತ್ರ. ಆರಂಭದಲ್ಲಿ ಬಾಲವನ್ನು ಎಳೆದು ಒತ್ತಿ ಹೇಳಿ, ಹಿಡಿದ ಮೇಲೆ ಮಾಮೂಲಿ ಮಾತಿಗೆ ಇಳಿಸಿ. ಕೂಗಬೇಡಿ, ಕೂಗಿದರೆ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಅಡಗುತ್ತವೆ. ಹತ್ತಿರ ಹೋಗಿ. ದೂರ ಎರಡರಷ್ಟಾದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ, ಫ್ಯಾನು, ಟೀವಿ ಸದ್ದು ಇದ್ದಷ್ಟೇ ಇರುತ್ತದೆ.

ತರಗತಿಗೆ ರಿಮೋಟ್ ಮೈಕ್ (ಶಿಕ್ಷಕರ ಮಾತನ್ನು ನೇರವಾಗಿ ಮಗುವಿನ ಮಷೀನಿಗೆ ಕಳಿಸುವ ಮೈಕ್) ಬೇಕೇ ಬೇಕು. ಶಿಕ್ಷಕರ ಬಾಯಿಂದ ಸುಮಾರು 15 ಸೆಂಟಿಮೀಟರ್ ಕೆಳಗೆ, ಸರವೋ ಬಟ್ಟೆಯೋ ಉಜ್ಜದ ಹಾಗೆ. ಬೇರೆಯವರ ಜೊತೆ ಮಾತಾಡುವಾಗ ಮ್ಯೂಟ್ ಮಾಡಲು ಅವರಿಗೆ ಹೇಳಿಡಿ, ಇಲ್ಲದಿದ್ದರೆ ಸ್ಟಾಫ್ ರೂಮಿನ ಮಾತೆಲ್ಲ ಮಗುವಿನ ಕಿವಿಗೆ. ಶಾಲೆಯ ಚೀಲದಲ್ಲಿ ಸ್ಪೇರ್ ಬ್ಯಾಟರಿ, ಕೇಬಲ್, ಮತ್ತು ಇಂಪ್ಲಾಂಟಿನ ಕಾರ್ಡಿನ ಪ್ರತಿ ಇರಲಿ. ಎಂಆರ್‌ಐ ಮಾಡಬಹುದೇ, ಯಾವ ಷರತ್ತಿನಲ್ಲಿ ಎನ್ನುವುದು ಇಂಪ್ಲಾಂಟಿನ ಮಾಡೆಲ್ ಮೇಲೆ ನಿಂತಿದೆ, ಕಾರ್ಡ್ ಬೇಕಾಗುವುದು ಅದಕ್ಕೇ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಅಪಾಯ ಈ ಮಕ್ಕಳಿಗೆ ತುಸು ಹೆಚ್ಚು, ಆದ್ದರಿಂದ ನ್ಯುಮೊಕಾಕಲ್ ಲಸಿಕೆ ತಪ್ಪಿಸುವಂತಿಲ್ಲ. ಕಿವಿನೋವು, ಜ್ವರ ಬಂದರೆ ಮನೆಮದ್ದಿನಲ್ಲಿ ದಿನ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು.