ರಿಯರ್ ಪ್ರೊಜೆಕ್ಷನ್ ಟಿವಿ: ಬಾಗಿದ ಗೆರೆ ನೇರ ಮಾಡಿದ್ದು ಹೀಗೆ

ಟಿವಿಯಲ್ಲಿ ಗೆರೆ ಬಾಗಿದರೆ ಇಡೀ ಬೋರ್ಡೇ ಬದಲಿಸಬೇಕು, ಬರೀ ಐಸಿ (ಚಿಪ್) ಹಾಕಿದರೆ ತಿಂಗಳೂ ನಿಲ್ಲಲ್ಲ ಅಂದವರೇ ಹೆಚ್ಚು. ನಿಂತಿದೆ. ವರ್ಷ ದಾಟಿದರೂ ಗೆರೆ ಕದಲಿಲ್ಲ. ಖರ್ಚಾಗಿದ್ದು ಬೋರ್ಡಿನ ಬೆಲೆಯ ಸಣ್ಣ ಪಾಲು ಮಾತ್ರ.

ಇದು ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಟ್ಯೂಬಿದ್ದು, ಪರದೆಯ ಹಿಂದಿನಿಂದ ಚಿತ್ರ ಬೀರುವ ಹಳೇ ಸೆಟ್‌ನ ಮಾತು. ಕೆಂಪು, ನೀಲಿ ಗೆರೆಗಳು ಹಸಿರಿನಿಂದ ದೂರ ಸರಿದು ಅಂಚಿನಲ್ಲಿ ಬಿಲ್ಲಿನಂತೆ ಬಾಗಿದ್ದರೆ ಅದು ಹಾಳಾದ ಕನ್ವರ್ಜೆನ್ಸ್ ಔಟ್‌ಪುಟ್ ಐಸಿಯ (ಮೂರು ಬಣ್ಣಗಳನ್ನು ಒಂದರ ಮೇಲೊಂದು ಕೂರಿಸುವ ಚಿಪ್) ಕೆಲಸ. ಸಾಮಾನ್ಯವಾಗಿ ಎರಡು ಐಸಿ, ಒಂದೊಂದರಲ್ಲಿ ಮೂರು ಚಾನೆಲ್ (ಆಂಪ್ಲಿಫೈಯರ್). ನನ್ನ ಸೆಟ್‌ನಲ್ಲಿದ್ದದ್ದು ಎಸ್‌ಟಿಕೆ 392-110. ಒಂದೇ ಹಾಳಾಗಿದ್ದರೂ ಎರಡನ್ನೂ ಬದಲಿಸಿ, ಇನ್ನೊಂದೂ ಅಷ್ಟೇ ಬಿಸಿ ತಿಂದಿರುತ್ತದೆ.

ದುಡ್ಡು ಹಾಳಾಗುವುದು ನಕಲಿ ಐಸಿಯಲ್ಲಿ. ಮೊದಲು ಹಾಕಿದ ಅಗ್ಗದ ಜೋಡಿ ಕೆಲವೇ ವಾರಗಳಲ್ಲಿ ಸುಟ್ಟಿತು. ಜೊತೆಗೆ ಪಿಕೋ ಫ್ಯೂಸ್‌ಗಳೂ (ಬೋರ್ಡಿಗೇ ಬೆಸೆದ ಪುಟ್ಟ ಫ್ಯೂಸ್) ಹೋದವು, ಎರಡು ರೆಸಿಸ್ಟರ್ ಕಪ್ಪಾದವು. ಆಮೇಲೆ 392-120 ಹಾಕಿದೆ. 110ರ ಜಾಗದಲ್ಲಿ ಅದು ನಡೆಯುತ್ತದೆ, 120ರ ಜಾಗಕ್ಕೆ ಮಾತ್ರ 110 ಹಾಕಬೇಡಿ. ಫ್ಯೂಸ್ ಜಾಗಕ್ಕೆ ತಂತಿ ಬೆಸೆಯುವುದು ಬೇಡವೇ ಬೇಡ. ಐಸಿ ಒಳಗೆ ಶಾರ್ಟ್ ಆದರೆ ಯೋಕ್ (ಟ್ಯೂಬಿನ ಕತ್ತಿಗೆ ಸುತ್ತಿದ ಸುರುಳಿ), ಪವರ್ ಸಪ್ಲೈ ಎರಡೂ ಹೋಗಬಹುದು.

ಪಿನ್‌ಗಳನ್ನು ವಿಕ್ (ಬೆಸುಗೆ ಹೀರುವ ತಾಮ್ರದ ಹೆಣಿಗೆ) ಹಿಡಿದು ಒಟ್ಟಿಗೇ ಬಿಡಿಸಲು ಹೋದರೆ ಬೋರ್ಡಿನ ತಾಮ್ರದ ಪ್ಯಾಡ್ ಏಳುತ್ತದೆ. ಐಸಿಯ ಮೈಗೆ ಹತ್ತಿರದಲ್ಲೇ 18 ಪಿನ್‌ಗಳನ್ನೂ ಕಟರ್‌ನಿಂದ ಕತ್ತರಿಸಿ, ಹೊಸ ಸೋಲ್ಡರ್ ತುಸು ಉಣಿಸಿ, ಒಂದೊಂದೇ ಪಿನ್ ಚಿಮುಟದಿಂದ ಎಳೆಯಿರಿ. ತೂತನ್ನು ಆಮೇಲೆ ವಿಕ್‌ನಿಂದ ಶುಚಿ ಮಾಡಿದರೆ ಸಾಕು.

ಐಸಿ ಹೊರಗಿರುವಾಗಲೇ ಯೋಕ್‌ ಸಾಲಿನ ರೆಸಿಸ್ಟರ್‌ಗಳನ್ನು ಅಳೆಯಬೇಕು. ಐಸಿ ಇದ್ದಾಗ ಮೀಟರ್ ಸುಳ್ಳು ಹೇಳುತ್ತದೆ. ಹಲವರು ತಪ್ಪಿಸುವುದು ಈ ಹಂತವನ್ನೇ, ಹೊಸ ಐಸಿ ಮತ್ತೆ ಸುಡಲು ಇದೂ ಒಂದು ಕಾರಣ. ಕೆಲವೇ ಓಮ್‌ನ ಸಣ್ಣ ಬೆಲೆಗಳಾದ್ದರಿಂದ ಮೊದಲು ಪ್ರೋಬ್ ತುದಿಗಳನ್ನು ತಾಗಿಸಿ ಬರುವ ಓದನ್ನು ಕಳೆಯಿರಿ. ಅಂದಾಜು ನೂರಕ್ಕೆ ಐದಕ್ಕಿಂತ ಹೆಚ್ಚು ಏರಿದ್ದನ್ನು ಬಿಸಾಡಿ, ಅದೇ ವ್ಯಾಟ್‌ನದು ಹಾಕಿ.

ಹೀಟ್ ಸಿಂಕ್‌ನ (ಐಸಿಯ ಬಿಸಿ ಹೀರುವ ಲೋಹದ ತುಂಡು) ಒಣಗಿದ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ ತೆಗೆದು, ಹೊಸದನ್ನು ತೆಳ್ಳಗೆ ಸವರಿ. ಸ್ಕ್ರೂ ಮೊದಲು, ಬೆಸುಗೆ ಆಮೇಲೆ. ತಿರುಗಾಮುರುಗಾ ಮಾಡಿದರೆ ಸ್ಕ್ರೂ ಬಿಗಿದಾಗ ಪಿನ್ ಮೇಲೆ ಎಳೆತ ಬಿದ್ದು ಬಿಸಿಗೆ ಬೆಸುಗೆ ಬಿರುಕು ಬಿಡುತ್ತದೆ.

ಐಸಿಗೆ ಸಾಕೆಟ್ ಹಾಕಿಯೂ ನೋಡಿದೆ, ಕಾಂಟ್ಯಾಕ್ಟ್ ನಿಲ್ಲಲಿಲ್ಲ. 12 ವೋಲ್ಟ್ ಫ್ಯಾನನ್ನು 7ರ ಆಸುಪಾಸಿನಲ್ಲಿ ಓಡಿಸಿದ್ದು ಮಾತ್ರ ಫಲ ಕೊಟ್ಟಿತು. ಮುಟ್ಟಲಾಗದಂತಿದ್ದ ಹೀಟ್ ಸಿಂಕ್ ಮೇಲೆ ಈಗ ಬೆರಳು ಇಡಬಹುದು, ಸದ್ದೂ ಇಲ್ಲ. ಟ್ಯೂಬ್, ಲೆನ್ಸ್ ನಡುವೆ ತುಂಬಿರುವ, ಮಬ್ಬಾಗಿದ್ದ ಕೂಲೆಂಟ್ ದ್ರವವನ್ನೂ ಬದಲಿಸಿದೆ. ಹೊಳಪು, ಸ್ಪಷ್ಟತೆ ಬಂತು, ಆದರೆ ಬಾಗಿದ ಗೆರೆಗೂ ಅದಕ್ಕೂ ಸಂಬಂಧವಿಲ್ಲ. ಕೂಲೆಂಟ್ ಸೋರಿ ಬೋರ್ಡಿಗೆ ಬಿದ್ದಿದ್ದರೆ ಮಾತು ಬೇರೆ, ಮೊದಲು ಅದನ್ನು ತೊಳೆಯಬೇಕು.

ರಿಪೇರಿಗೆ ಮುಂಚೆ ಸರ್ವಿಸ್ ಮೆನು (ಟಿವಿಯೊಳಗೆ ರಿಪೇರಿಗಾರರಿಗೆಂದು ಇರುವ ಸೆಟ್ಟಿಂಗ್) ಮುಟ್ಟಲೇಬೇಡಿ. ಹಾಳಾದ ಐಸಿಗೆ ಹೊಂದಿಸಿ ಸೇವ್ ಮಾಡಿಬಿಟ್ಟರೆ ಕಾರ್ಖಾನೆಯ ಹಳೇ ಡೇಟಾ ಕಳೆದುಹೋಗುತ್ತದೆ. ರಿಪೇರಿ ಸರಿಯಾಗಿದ್ದರೆ ಆ ಡೇಟಾದಲ್ಲೇ ಚಿತ್ರ ಮುಕ್ಕಾಲು ಪಾಲು ಕೂರುತ್ತದೆ. ಅರ್ಧ ಗಂಟೆ ಕಾಯಿಸಿ, ಮೊದಲು ಹಸಿರೊಂದನ್ನೇ ಉಳಿಸಿ ಗೆರೆಗಳನ್ನು ಅಳತೆಪಟ್ಟಿಗೆ ನೇರ ಮಾಡಿ, ಆಮೇಲೆ ಕೆಂಪು, ಕೊನೆಗೆ ನೀಲಿ. ನಡುವಿನಿಂದ ಅಂಚಿಗೆ ಹೋಗಿ. ಹಸಿರು ಒಮ್ಮೆ ಕೂತ ಮೇಲೆ ಅದನ್ನು ಮತ್ತೆ ಕದಲಿಸಬಾರದು. ನಾಲ್ಕು ಮೂಲೆಗಳನ್ನು ನಾನು ಯಾವ ಕ್ರಮದಲ್ಲಿ ಹಿಡಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಮೂಲೆ ಎಳೆದಾಗ ಪಕ್ಕದ ಎರಡು ಬಿಂದುಗಳ ಮೇಲೆ ಕಣ್ಣಿಟ್ಟವರಿಗೆ ಅದು ತಾನೇ ಹೊಳೆಯುತ್ತದೆ.