ಊರ ಕೆರೆಯ ನೀರುಹಕ್ಕಿಗಳನ್ನು ಎಣಿಸುವ ಬಗೆ

‘ಹಕ್ಕಿಗಳು ಬೇಕಾದಷ್ಟಿವೆ’ ಎಂದು ಬರೆದಿಟ್ಟರೆ ಮುಂದಿನ ವರ್ಷ ಅವು ಹೆಚ್ಚಿದವೋ ಕಡಿಮೆಯಾದವೋ ಹೇಳಲು ಬರುವುದಿಲ್ಲ. ಒಂದು ಕೆರೆಯನ್ನು ವರ್ಷ ವರ್ಷವೂ ಒಂದೇ ರೀತಿ ಎಣಿಸಿದ ಲೆಕ್ಕಕ್ಕೆ ಬೆಲೆ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಜನವರಿಯಲ್ಲೇ ನಡೆಯುತ್ತಿದೆ. ಉತ್ತರದಿಂದ ಬಂದ ವಲಸೆ ಹಕ್ಕಿಗಳು ಅಷ್ಟು ಹೊತ್ತಿಗೆ ನೆಲೆಯೂರಿ, ಅಲೆದಾಟ ಕಡಿಮೆ ಮಾಡಿರುತ್ತವೆ. ಶಾಲೆಯ ಮಕ್ಕಳನ್ನು ಕರೆದೊಯ್ಯುವುದಾದರೂ ಜನವರಿಯ ನಡುವಿನ ಎರಡು ವಾರಗಳಲ್ಲೇ ದಿನ ಗೊತ್ತು ಮಾಡಿ.

ಹಿಂದಿನ ದಿನವೇ ಹೋಗಿ ಕೆರೆಯ ನಕ್ಷೆ ಗೀಚಿಕೊಳ್ಳಿ. ಏರಿ, ತೂಬು, ಕೋಡಿ, ನೀರಂಚಿನ ಜಾಲಿಮರ, ಇಂಥ ಗುರುತು ಹಿಡಿದು ಕೆರೆಯನ್ನು ಮೂರ್ನಾಲ್ಕು ಭಾಗ ಮಾಡಿ. ಬೆಳಿಗ್ಗೆ ಎಣಿಸುವವರು ಪೂರ್ವದ ದಡದಲ್ಲಿ ನಿಲ್ಲಬೇಕು, ಸೂರ್ಯ ಬೆನ್ನ ಹಿಂದಿರಬೇಕು. ಏರಿ ಪಶ್ಚಿಮಕ್ಕಿದ್ದರೆ ಅದರ ಮೇಲೆ ನಿಲ್ಲುವ ಆಸೆ ಬಿಡಿ. ಎದುರು ಬಿಸಿಲಲ್ಲಿ ಎಲ್ಲ ಬಾತೂ ಕಪ್ಪೇ. ಬೈನಾಕ್ಯುಲರ್ ಎಂಟು ಪಟ್ಟು ಹಿಗ್ಗಿಸುವುದಾದರೆ ಸಾಕು. ಅದಕ್ಕೂ ಹೆಚ್ಚಿನದು ಕೈಯಲ್ಲಿ ನಡುಗುತ್ತದೆ.

ಮೊದಲ ಸಲದವರಿಗೆ ಅಂದಾಜು ಮಾಡುವುದನ್ನು ಮನೆಯಲ್ಲೇ ಕಲಿಸಬಹುದು. ಮೊರದ ಮೇಲೆ ಒಂದು ಹಿಡಿ ಕಡಲೆ ಚೆಲ್ಲಿ. ಐದು ಸೆಕೆಂಡು ನೋಡಿ ಎಷ್ಟೆಂದು ಬರೆಯಲಿ, ಆಮೇಲೆ ಒಂದೊಂದಾಗಿ ಎಣಿಸಲಿ. ಹೆಚ್ಚಿನವರು ಕಡಿಮೆಯೇ ಹೇಳುತ್ತಾರೆ. ರಾಶಿ ದೊಡ್ಡದಾದಷ್ಟೂ ತಪ್ಪು ದೊಡ್ಡದು. ಈಗ ಹತ್ತು ಕಾಳನ್ನು ಬೆರಳಲ್ಲಿ ಒಂದು ಕಡೆ ಸರಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಕಣ್ಣಿಗೆ ತುಂಬಿಕೊಂಡು, ಅದೇ ಅಳತೆಯಲ್ಲಿ ಉಳಿದ ರಾಶಿಯನ್ನು ಅಳೆಯಿರಿ. ಕೆರೆಯಲ್ಲೂ ಇದೇ ಕೆಲಸ. ನೂರರೊಳಗಿನ ಗುಂಪನ್ನು ಒಂದೊಂದಾಗಿ, ಅದಕ್ಕೂ ದೊಡ್ಡದನ್ನು ಹತ್ತರಂತೆ, ಸಾವಿರ ದಾಟಿದರೆ ಐವತ್ತು ಅಥವಾ ನೂರರಂತೆ ಎಣಿಸಿ. ಲೆಕ್ಕ ತಪ್ಪದಿರಲು ಬಲ ಜೇಬಿನಲ್ಲಿ ಹುಣಸೆ ಬೀಜ ಇಟ್ಟುಕೊಂಡು, ನೂರು ಮುಗಿದಾಗಲೆಲ್ಲ ಒಂದನ್ನು ಎಡ ಜೇಬಿಗೆ ಹಾಕಿ. ಒತ್ತಿದಾಗಲೆಲ್ಲ ಒಂದೊಂದು ಸಂಖ್ಯೆ ಏರಿಸುವ ಬ್ಯಾಟರಿಯ ಕ್ಲಿಕ್ಕರ್ ಇದ್ದರೂ ಈ ಪದ್ಧತಿಯೇ ಮೇಲು, ಬ್ಯಾಟರಿ ಮುಗಿಯುವ ಭಯವಿಲ್ಲ.

ಸೂರ್ಯ ಹುಟ್ಟಿದ ಅರ್ಧ ಗಂಟೆಯಿಂದ ಒಂಬತ್ತರವರೆಗೆ ಒಳ್ಳೆಯ ಹೊತ್ತು. ಪಟ್ಟೆತಲೆ ಹೆಬ್ಬಾತು ಬರುವ ಕೆರೆಗಳ ಮಾತು ಬೇರೆ. ಗದಗ ಜಿಲ್ಲೆಯ ಮಾಗಡಿ ಕೆರೆಯಂಥಲ್ಲಿ ಅವು ಹೊಲಗಳಿಗೆ ಮೇಯಲು ಹೋಗಿ, ಬಿಸಿಲೇರಿದ ಮೇಲೆ ನೀರಿಗೆ ಮರಳುತ್ತವೆ. ಏಳೂವರೆಗೆ ಎಣಿಸಿ ಮನೆಗೆ ಹೋದರೆ ಕೆರೆ ಖಾಲಿಯೆಂದೇ ಬರೆಯಬೇಕಾದೀತು. ಅಲ್ಲಿ ಇನ್ನೊಂದು ಸುತ್ತು ಹತ್ತೂವರೆಯ ನಂತರ ಮಾಡಿ.

ಒಂದು ಭಾಗ ಮುಗಿಸಿದ ಮೇಲೆಯೇ ಇನ್ನೊಂದು, ಎಡದಿಂದ ಬಲಕ್ಕೆ. ಹಾರಿಹೋಗುವ ಸಾಧ್ಯತೆಯಿರುವ ಬಾತುಗಳಿಂದ ಶುರು ಮಾಡಿ. ನಾಮದ ಕೋಳಿ ಎಲ್ಲಿಗೂ ಹೋಗುವುದಿಲ್ಲ. ಎಣಿಸುವಾಗ ಗುಂಪು ಎದ್ದು ಹಾರಿದರೆ ಯಾವ ಭಾಗಕ್ಕೆ ಇಳಿಯಿತೆಂದು ಒಬ್ಬರು ಕೂಗಿ ಹೇಳದೆ ಬರೆದಿಡಲಿ, ಇಲ್ಲದಿದ್ದರೆ ಅದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬೆರೆತ ಗುಂಪಿನಲ್ಲಿ ಮೊದಲು ಒಟ್ಟು ಸಂಖ್ಯೆ ಹಿಡಿದು, ಆಮೇಲೆ ನಾಲ್ಕೈದು ಕಡೆ ಇಪ್ಪತ್ತಿಪ್ಪತ್ತು ಹಕ್ಕಿ ನೋಡಿ ಯಾವ ಜಾತಿ ಎಷ್ಟು ಪಾಲೆಂದು ಲೆಕ್ಕ ಹಾಕಿ.

ಕೈಕೊಡುವ ಹಕ್ಕಿಗಳು ಕೆಲವಿವೆ. ಗುಳುಮುಳುಕ ಮುಳುಗಿ ಬೇರೆಡೆ ಏಳುವುದರಿಂದ ಒಂದೇ ಜಾಗವನ್ನು ಕನಿಷ್ಠ ಒಂದು ನಿಮಿಷ ನೋಡಿ, ಒಮ್ಮೆಗೆ ಕಂಡ ಅತಿ ಹೆಚ್ಚಿನ ಸಂಖ್ಯೆ ಬರೆಯಿರಿ. ಕೊಳದ ಬಕ ಒಣ ಜೊಂಡಿನ ಬಣ್ಣದಲ್ಲೇ ಕೂತಿರುತ್ತದೆ, ಹಾರಿದಾಗ ಮಾತ್ರ ಬಿಳಿ ರೆಕ್ಕೆ ಕಾಣುತ್ತದೆ. ಅದಕ್ಕೆಂದು ದಡದ ಸುತ್ತ ಕೊನೆಗೊಮ್ಮೆ ನಡೆದು ಬನ್ನಿ. ಬೆಳ್ಳಕ್ಕಿಗಳನ್ನೆಲ್ಲ ಒಂದೇ ಸಾಲಿಗೆ ಹಾಕಬೇಡಿ: ಕೊಕ್ಕು, ಕಾಲು ಕಪ್ಪಾಗಿ ಪಾದ ಮಾತ್ರ ಹಳದಿಯಾಗಿದ್ದರೆ ಅದು ಚಿಕ್ಕ ಬೆಳ್ಳಕ್ಕಿ. ಗುರುತು ಸಿಗದಿದ್ದರೆ ‘ಬಾತು, ಜಾತಿ ತಿಳಿಯದು, 40’ ಎನ್ನಲು ನಾಚಿಕೆ ಬೇಡ. ಊಹಿಸಿ ಬರೆದ ಹೆಸರು ಪಟ್ಟಿಯನ್ನೇ ಕೆಡಿಸುತ್ತದೆ.

ಇಬ್ಬರು ಎಣಿಸುವಾಗ ಬರೆದು ಮುಗಿಯುವವರೆಗೆ ಸಂಖ್ಯೆ ಹೇಳಿಕೊಳ್ಳಬಾರದು. ಒಬ್ಬರು ‘ಮುನ್ನೂರು’ ಎಂದರೆ ಇನ್ನೊಬ್ಬರ ಕಣ್ಣಿಗೂ ಮುನ್ನೂರೇ ಕಾಣತೊಡಗುತ್ತದೆ. ಅಂತರ ಕಾಲುಭಾಗಕ್ಕಿಂತ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿ.

ಪುಸ್ತಕದಲ್ಲಿ ದಿನಾಂಕ, ಶುರು ಮಾಡಿದ ಮತ್ತು ಮುಗಿಸಿದ ಹೊತ್ತು, ಎಣಿಸಿದವರು ಎಷ್ಟು ಜನ ಎಂಬುದರ ಜೊತೆಗೆ ನೀರಿನ ಮಟ್ಟವೂ ಇರಲಿ: ತೂಬಿನ ಮೆಟ್ಟಿಲು ಎಷ್ಟು ಕಾಣುತ್ತಿವೆ ಎಂದರೆ ಸಾಕು. ತುಂಬಿ ಕೋಡಿ ಹರಿದ ವರ್ಷ ಕೆಸರಲ್ಲಿ ಮೇಯುವ ಗೊರವಗಳಿಗೆ ಕೆಸರೇ ಇರುವುದಿಲ್ಲ, ಅವು ಕಡಿಮೆಯಾದವೆಂದು ಗಾಬರಿಯಾಗುವ ಮೊದಲು ಈ ಸಾಲು ನೋಡಬೇಕು. ಬಲೆ ಬೀಸುವವರು, ನಾಯಿ, ದೋಣಿ ಇದ್ದರೆ ಅದನ್ನೂ ಸೇರಿಸಿ. ಕೆರೆ ಬತ್ತಿದ ವರ್ಷವೂ ಹೋಗಿ ಸೊನ್ನೆ ಬರೆದು ಬರಬೇಕು.

ಮಕ್ಕಳು ಕೆರೆಯಂಗಳಕ್ಕೆ ಇಳಿಯದಿರಲಿ, ಹೂಳು ಮೇಲೆ ಒಣಗಿದಂತೆ ಕಂಡರೂ ಕೆಳಗೆ ಮೊಣಕಾಲುದ್ದ ಹಸಿಯಿರುತ್ತದೆ. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ. ಒಂದೇ ಕಡೆ ಹಲವು ಸತ್ತಿದ್ದರೆ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸಿ. ಡ್ರೋನ್ ಹಾರಿಸಿದರೆ ಇಡೀ ಕೆರೆ ಎದ್ದುಹೋಗುತ್ತದೆ.

ಲೆಕ್ಕವನ್ನು ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಹಾಕುವಾಗ, ಕಂಡು ಗುರುತಿಸಿದ ಎಲ್ಲ ಜಾತಿಯನ್ನೂ ಸೇರಿಸಿದ್ದೀರಾ ಎಂಬ ಪ್ರಶ್ನೆ ಬರುತ್ತದೆ. ಕಾಗೆ, ಮೈನಾಗಳನ್ನು ಬಿಟ್ಟು ನೀರುಹಕ್ಕಿಗಳನ್ನಷ್ಟೇ ಬರೆದಿದ್ದರೆ ‘ಇಲ್ಲ’ ಎನ್ನಬೇಕು. ಸಂಖ್ಯೆಯ ಜಾಗದಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಹಾಕಲು ಅವಕಾಶವಿದೆ, ಆದರೆ ಅದು ಹಕ್ಕಿ ಇತ್ತೆಂದು ಮಾತ್ರ ಹೇಳುತ್ತದೆ. ಒರಟು ಅಂದಾಜಾದರೂ ಅಂಕಿಯನ್ನೇ ಹಾಕಿ. ಮೂಲ ಪುಸ್ತಕವನ್ನು ಶಾಲೆಯ ಬೀರುವಿನಲ್ಲಿ ಇಡಿ, ಯಾರ ಮನೆಗೂ ಹೋಗದಿರಲಿ.